ಸೋಮವಾರಮ್ಮ

ಕ್ಲಿನಿಕ್ಕಿನ ಬಾಗಿಲು ತೆಗೆದು ಒಳಗೆ ಬಂದರೆ ಎದುರಿಗೇ ಗಾಜಿನ ಕೌಂಟರು. ಅದರ ಹಿಂದೆ ತಿರುಗುವ ಕುರ್ಚಿ, ಕಂಪ್ಯೂಟರು, ಫೋನು. ಆ ಕುರ್ಚಿಯಲ್ಲಿ ಕೂರುತ್ತಿದ್ದವಳನ್ನು ತವರಿನಲ್ಲಿ ಗಿಣಿ ಅಂತ ಕರೆಯುತ್ತಿದ್ದರು. ಹಲ್ಲು ಬರುವ ಮೊದಲೇ ಮಾತು ಬಂದಿತ್ತು, ಬಂದ ಮಾತಿನಲ್ಲಿ ತೊದಲಿರಲಿಲ್ಲ, ಅದಕ್ಕೇ ಅಪ್ಪ ಇಟ್ಟ ಹೆಸರು. ಆ ದನಿಯೇ ಅವಳಿಗೆ ಈ ಕೆಲಸ ಕೊಡಿಸಿದ್ದು. ಮೊದಲ ದಿನ ಮ್ಯಾನೇಜರಮ್ಮ ಅವಳ ಮಾತು ಕೇಳಿ, "ಚೆನ್ನಾಗಿ ಮಾತಾಡ್ತೀರಿ, ಮನೆ ಎಲ್ಲಿ?" ಅಂದಿದ್ದರು. ಗಿಣಿ ಗಂಡನ ಮನೆಯ ವಿಳಾಸ ಹೇಳಿದಳು. ಸುಳ್ಳೇನೂ ಅಲ್ಲವಲ್ಲ. ಹುಟ್ಟಿ ಬೆಳೆದದ್ದೆಲ್ಲ ಬಣ್ಣದ ಕಾರ್ಖಾನೆಯ ಹಿಂದಿನ ಕೇರಿಯಲ್ಲಿ ಅನ್ನುವುದನ್ನು ಅವರು ಕೇಳಲಿಲ್ಲ, ಇವಳು ಹೇಳಲಿಲ್ಲ.

ಹೊಸದರಲ್ಲಿ ಮ್ಯಾನೇಜರಮ್ಮ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತು ಕೆಲಸ ಕಲಿಸಿದರು. "ಏನು ತೊಂದರೆ ಅಂತ ಆಮೇಲೆ ಕೇಳು. ಮೊದಲು ಎಲ್ಲಿಂದ ಮಾತಾಡ್ತಿದ್ದೀರಿ ಅಂತ ಕೇಳು." ಪಾರ್ಕಿನ ಕಡೆಯವರು ಅಂದರೆ ಅವತ್ತೇ, ಬಹಳವೆಂದರೆ ಮಾರನೆಯ ದಿನ. ಮುಖ್ಯರಸ್ತೆಯ ಅಂಗಡಿಯವರು ಅಂದರೆ ಎರಡು ದಿನದೊಳಗೆ. ಹಿಂದಿನ ಕೇರಿ ಅಂದರೆ, "ನೋಡಿಕೊಂಡು ಕೊಡು."

"ನೋಡಿಕೊಂಡು ಅಂದ್ರೆ ಹೇಗೆ ಮೇಡಂ?"

"ನೋಡಿಕೊಂಡು ಅಂದ್ರೆ ನೋಡಿಕೊಂಡು. ಒಬ್ಬರಿಗೆ ಕೊಟ್ರೆ ಮನೆಮಂದಿಯೆಲ್ಲ ಬರ್ತಾರೆ. ಹೇಳಿದ ಹೊತ್ತಿಗೆ ಬರಲ್ಲ. ಸೋಫಾಗೆಲ್ಲ ಬಣ್ಣ ಅಂಟುತ್ತೆ, ಆ ವಾಸನೆಗೆ ಪಕ್ಕದವರು ಎದ್ದು ಹೋಗ್ತಾರೆ. ಹಾಗಂತ ಬೇಡ ಅಂತ ಮಾತ್ರ ಅನ್ನಬೇಡ, ಅದು ತಪ್ಪು. ಈ ವಾರ ತುಂಬಿದೆ, ಸೋಮವಾರ ಬೆಳಿಗ್ಗೆ ಫೋನ್ ಮಾಡಿ ಅನ್ನು."

"ಸೋಮವಾರ ಮಾಡಿದ್ರೆ?"

"ಸೋಮವಾರ ಎಲ್ಲರೂ ಮಾಡ್ತಾರಲ್ಲ. ತುಂಬಿರುತ್ತೆ."

ಇದನ್ನು ಹೇಳುವಾಗ ಮ್ಯಾನೇಜರಮ್ಮನ ಮುಖದಲ್ಲಿ ಕೆಟ್ಟತನ ಇರಲಿಲ್ಲ. ಮಳೆ ಬಂದರೆ ಕಿಟಕಿ ಮುಚ್ಚು ಅಂದ ಹಾಗಿತ್ತು. ಅವರು ಒಳ್ಳೆಯ ಹೆಂಗಸೇ. ಗಿಣಿಯ ಮಗಳಿಗೆ ಜ್ವರ ಬಂದಾಗ ಕೇಳದೆಯೇ ರಜೆ ಕೊಟ್ಟಿದ್ದರು, ಸಂಜೆ ಫೋನ್ ಮಾಡಿ ಹೇಗಿದ್ದಾಳೆ ಅಂತ ವಿಚಾರಿಸಿದ್ದರು. ಅಂಥವರು ಹೇಳಿದ ಮೇಲೆ ಅದರಲ್ಲಿ ತಪ್ಪಿರುವುದು ಹೇಗೆ ಅಂತ ಗಿಣಿ ತನಗೆ ತಾನೇ ಹೇಳಿಕೊಂಡಳು. ಮೊದಮೊದಲು ಆ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಳ್ಳುತ್ತಿತ್ತು. ಬರಬರುತ್ತ ನುಣ್ಣಗಾಯಿತು. ಹಿಂದಿನ ಕೇರಿ ಅಂತ ಕಿವಿಗೆ ಬಿದ್ದರೆ ಸಾಕು, ಆಮೇಲಿನದ್ದು ಏನೂ ಕೇಳಿಸುತ್ತಿರಲಿಲ್ಲ. ನಾಲಿಗೆ ತಾನಾಗಿಯೇ, ಮನೆಯಲ್ಲಿ ಯಾರೂ ಕೇಳಿರದ ಕ್ಲಿನಿಕ್ಕಿನ ದನಿಯಲ್ಲಿ, ಸೋಮವಾರ ಅನ್ನುತ್ತಿತ್ತು.

ತವರಿನಲ್ಲಿ ಮಾತ್ರ ಅವಳು ಬೇರೆಯೇ ಹೇಳಿದ್ದಳು. "ನಾನು ಒಳಗಿನ ರೂಮಿನಲ್ಲಿ ಫೈಲು ಜೋಡಿಸೋದು. ಫೋನ್ ಗೀನೆಲ್ಲ ಬೇರೆಯವರು. ಅಪಾಯಿಂಟ್‌ಮೆಂಟ್ ಕೊಡಿಸು ಅಂತ ನನ್ನ ಕೇಳಬೇಡಿ, ನಾನು ನಿಮ್ಮ ಕಡೆಯವಳು ಅಂತ ಗೊತ್ತಾದ್ರೆ ಕೆಲಸಕ್ಕೇ ಸಂಚಕಾರ." ಅಕ್ಕ ಅದನ್ನು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಳೆಂದರೆ, ಕೇರಿಯ ಯಾರಾದರೂ 'ನಿನ್ನ ತಂಗಿಗೆ ಒಂದು ಮಾತು ಹೇಳು' ಅಂದರೆ, "ಅವಳ ಅನ್ನಕ್ಕೆ ಕಲ್ಲು ಹಾಕಬೇಕಾ?" ಅಂತ ಅವರ ಬಾಯಿ ಮುಚ್ಚಿಸುತ್ತಿದ್ದಳು.

ಒಂದು ಭಾನುವಾರ ಗಿಣಿ ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದಳು. ಅಕ್ಕ, ಭಾವ, ಅಮ್ಮ ಇರುವುದು ಒಂದೇ ಮನೆಯಲ್ಲಿ. ಎದುರಿನ ನಲ್ಲಿಕಟ್ಟೆಯ ಹತ್ತಿರ ಹೆಂಗಸರು ಬಟ್ಟೆ ಒಗೆಯುತ್ತಿದ್ದರು, ಕಾರ್ಖಾನೆ ಅವತ್ತು ಕೆಂಪು ಬಿಟ್ಟಿತ್ತೋ ಏನೋ, ಪಕ್ಕದ ಚರಂಡಿ ಕೆಂಪಗೆ ಹರಿಯುತ್ತಿತ್ತು. ಇಸ್ತ್ರಿ ಅಂಗಡಿಯ ಹೆಂಗಸು ಒಂದು ಒದ್ದೆ ಕಾಲುಚೀಲವನ್ನು ಕಿವಿಗೆ ಹಿಡಿದುಕೊಂಡು, ಸೊಂಟ ನೆಟ್ಟಗೆ ಮಾಡಿ, ಮೂಗಿನಲ್ಲಿ ಮಾತು ಶುರುಮಾಡಿದಳು.

"ನಮಸ್ಕಾರ, ಕ್ಲಿನಿಕ್. ಎಲ್ಲಿಂದ ಮಾತಾಡ್ತಿದ್ದೀರಿ?"

"ಸತ್ತೋಗಿ ಸ್ಮಶಾನದಿಂದ ಮಾತಾಡ್ತಿದ್ದೀನಿ ತಾಯಿ," ಅಂದಳು ಇನ್ನೊಬ್ಬಳು ಬಟ್ಟೆ ಹಿಂಡುತ್ತ.

"ಓ, ಹೌದಾ. ಈ ವಾರ ತುಂಬಿದೆ. ಸೋಮವಾರ ಬೆಳಿಗ್ಗೆ ಎದ್ದು ಬಂದು ಫೋನ್ ಮಾಡಿ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಕ್ಕ ಗಿಣಿಯ ಕಡೆ ತಿರುಗಿ, "ಸೋಮವಾರಮ್ಮ ಅಂತ ಹೆಸರಿಟ್ಟಿದ್ದೀವಿ ಅವಳಿಗೆ. ನಿಮ್ಮ ಆಫೀಸಿನೋಳೇ. ನೋಡೋಕೆ ಹೇಗಿದ್ದಾಳೆ ಹೇಳು," ಅಂದಳು. ಗಿಣಿಯೂ ನಕ್ಕಳು. ಎಲ್ಲರಿಗಿಂತ ಒಂದು ಪಾಲು ಜಾಸ್ತಿಯೇ ನಕ್ಕಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗಬಾರದಲ್ಲ. "ಇದ್ದಾಳೆ, ಎಲ್ಲರ ಹಾಗೇ," ಅಂದು ಒಳಗೆ ಹೋದಳು.

ಒಳಗೆ ಭಾವ ಕಾಲಿಗೆ ಬಟ್ಟೆ ಸುತ್ತಿಕೊಂಡು ಗೋಡೆಗೆ ಒರಗಿದ್ದ. ಕಾರ್ಖಾನೆಯಲ್ಲಿ ನೀಲಿ ಬಣ್ಣದ ತೊಟ್ಟಿಯ ಹತ್ತಿರ ನಿಲ್ಲುವ ಕೆಲಸ ಅವನದು. ಕೇಳಿದ್ದಕ್ಕೆ, "ಏನಿಲ್ಲ ಕಣಮ್ಮ, ಬೂಟು ಕಚ್ಚಿದೆ. ಹಳೇ ಬೂಟಿಗೆ ವಯಸ್ಸಾದ ಮೇಲೆ ಹಲ್ಲು ಬಂದಿದೆ," ಅಂದ. ಅವನು ಯಾವಾಗಲೂ ಹಾಗೇ. ಗಿಣಿಗೂ ಹೊರಡುವ ಆತುರ, ಅಲ್ಲಿ ಕೂರಲು ಆಗುತ್ತಿರಲಿಲ್ಲ. ಕಾಫಿ ಕುಡಿದ ಶಾಸ್ತ್ರ ಮಾಡಿ ಎದ್ದಳು.

ಆ ವಾರದ ನಡುವೆ ಒಂದು ದಿನ, ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಫೋನ್ ಬಂತು. ಮ್ಯಾನೇಜರಮ್ಮ ಪಕ್ಕದಲ್ಲೇ ನಿಂತು ಚಹಾ ಕುಡಿಯುತ್ತ ಕಂಪ್ಯೂಟರು ನೋಡುತ್ತಿದ್ದರು.

"ನಮಸ್ಕಾರ, ಕ್ಲಿನಿಕ್. ಎಲ್ಲಿಂದ ಮಾತಾಡ್ತಿದ್ದೀರಿ?"

"ನಾವು ಹಿಂದಿನ ಕೇರಿಯೋರಮ್ಮ. ನಮ್ಮ ಯಜಮಾನರಿಗೆ ಕಾಲಲ್ಲಿ ಗಾಯ ಆಗಿ…"

ಅಕ್ಕ. ಆದರೆ ಗಿಣಿಗೆ ಗೊತ್ತಿದ್ದ ಅಕ್ಕನಲ್ಲ. ಮನೆಯಲ್ಲಿ ಅಕ್ಕ ಉಪ್ಪು ಕೇಳಿದರೂ ನಾಲ್ಕು ಮನೆಗೆ ಕೇಳಿಸಬೇಕು. ಇದು ಬೆನ್ನು ಬಗ್ಗಿಸಿಕೊಂಡ ದನಿ, ಹೊಸಿಲಾಚೆ ನಿಂತು ಮಾತಾಡುವವರ ದನಿ. ಅದನ್ನು ಗುರುತು ಹಿಡಿಯಲು ಗಿಣಿಗೆ ಒಂದು ಗಳಿಗೆ ಬೇಕಾಯಿತು. ಅಷ್ಟರಲ್ಲಿ ನಾಲಿಗೆ ತನ್ನ ಕೆಲಸ ಮುಗಿಸಿತ್ತು. "ಈ ವಾರ ತುಂಬಿದೆ. ಸೋಮವಾರ ಬೆಳಿಗ್ಗೆ ಫೋನ್ ಮಾಡಿ."

"ಹೋದ ಸೋಮವಾರಾನೂ ಪಕ್ಕದ ಮನೆಯೋರ ಕೈಲಿ ಮಾಡಿಸಿದ್ದೆ ತಾಯಿ. ಈಗ ಕಾಲು ವಾಸನೆ ಬರ್ತಿದೆ. ಒಂದು ಸಲ ಡಾಕ್ಟ್ರು ನೋಡಿಬಿಟ್ರೆ ಸಾಕು. ಎಷ್ಟು ಹೊತ್ತಾದ್ರೂ ಹೊರಗೇ ಕೂತಿರ್ತೀವಿ, ಒಳಗೆ ಬರಲ್ಲ."

ಮ್ಯಾನೇಜರಮ್ಮ ಕಣ್ಣೆತ್ತಿ, ಯಾರು ಅಂತ ಹುಬ್ಬಿನಲ್ಲೇ ಕೇಳಿದರು. ಗಿಣಿ ಕಣ್ಣನ್ನು ಕಂಪ್ಯೂಟರಿನ ಕಡೆ ತಿರುಗಿಸಿಕೊಂಡಳು. "ತುಂಬಿದೆ," ಅಂದಳು ಇನ್ನೊಂದು ಸಲ. ಆ ಮಾತು ತನ್ನ ಬಾಯಿಂದಲೇ ಬಂತು ಅಂತ ಅವಳಿಗೆ ಆಮೇಲೆ ಎಷ್ಟೋ ದಿನ ನಂಬಲಾಗಲಿಲ್ಲ.

"ಅಮ್ಮಾ, ನಮ್ಮ ಕಡೆಯೋಳು ಒಬ್ಬಳು ನಿಮ್ಮಲ್ಲೇ…" ಅಂದಳು ಅಕ್ಕ. ಅಲ್ಲಿಗೇ ನಿಲ್ಲಿಸಿದಳು. "ಏನಿಲ್ಲ ಬಿಡಿ. ಸೋಮವಾರಾನೇ ಮಾಡ್ತೀನಿ."

"ಯಾರು?" ಅಂದರು ಮ್ಯಾನೇಜರಮ್ಮ.

"ಹಿಂದಿನ ಕೇರಿ."

"ಹ್ಞೂಂ," ಅಂದು ಅವರು ಲೋಟ ಇಡಲು ಹೋದರು.

ಕಂಪ್ಯೂಟರಿನಲ್ಲಿ ಮಧ್ಯಾಹ್ನದ ಹೊತ್ತೆಲ್ಲ ಅರ್ಧಕ್ಕರ್ಧ ಖಾಲಿ ಬಿದ್ದಿತ್ತು. ಮತ್ತೆ ಫೋನ್ ಬಂತು. ಪಾರ್ಕಿನ ಕಡೆಯ ಒಬ್ಬ ಗಂಡಸು. ಈಜು ಕಲಿಯಲು ಸೇರಬೇಕಂತೆ, ಮೈ ಗಟ್ಟಿಯಾಗಿದೆ ಅಂತ ಡಾಕ್ಟರು ಬರೆದುಕೊಡಬೇಕಂತೆ. "ಇವತ್ತೇ ಬನ್ನಿ ಸರ್," ಅಂದಳು ಗಿಣಿ.

ಆಮೇಲೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಹೋಗಿ ಪತ್ರಿಕೆಗಳನ್ನು ಜೋಡಿಸಿದಳು, ಜೋಡಿಸಿದ್ದನ್ನೇ ಕೆದರಿ ಮತ್ತೆ ಜೋಡಿಸಿದಳು. ಬಚ್ಚಲಿಗೆ ಹೋಗಿ ಕೈ ತೊಳೆದಳು, ಹೊರಗೆ ಬಂದು ಮತ್ತೆ ಹೋದಳು. ಒಳಗೆ ಬಾಗಿಲು ಹಾಕಿಕೊಂಡು ತನ್ನ ಫೋನಿನಿಂದ ಅಕ್ಕನಿಗೆ ಮಾಡಿದಳು. ಅಕ್ಕ ಎತ್ತಲಿಲ್ಲ. ಊಟದ ಡಬ್ಬಿ ತೆಗೆದವಳು ತುತ್ತು ಕಲಸಿ ಹಾಗೇ ಮುಚ್ಚಿಟ್ಟಳು. ಈಜುವ ಗಂಡಸು ಬಂದು, ಐದು ನಿಮಿಷ ಒಳಗಿದ್ದು, ಶಿಳ್ಳೆ ಹಾಕಿಕೊಂಡು ಹೋದ. ಅವನು ಕೂತು ಎದ್ದ ಸೋಫಾ ಬೆಳ್ಳಗೆ, ಕಲೆಯಿಲ್ಲದೆ ಇತ್ತು. ವಾಸನೆ ಬರ್ತಿದೆ ಅಂದಳಲ್ಲ. ಕಾಲು ವಾಸನೆ ಬಂದರೆ ಏನರ್ಥ ಅಂತ ತಿಳಿಯದಷ್ಟು ಅವಳು ಆ ಕ್ಲಿನಿಕ್ಕಿಗೆ ಹೊಸಬಳಾಗಿರಲಿಲ್ಲ. ಒಳಗೆ ಹೋಗಿ ಡಾಕ್ಟರಿಗೆ ಹೇಳಿಬಿಡಲೇ ಅಂತ ಎರಡು ಸಲ ಅವರ ಬಾಗಿಲವರೆಗೆ ಹೋದಳು. ಏನಂತ ಹೇಳುವುದು? ಬಿಸಿ ತುತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕೊನೆಗೆ ತಲೆನೋವು ಅಂತ ಹೇಳಿ ಹೊತ್ತಿಗೆ ಮುಂಚೆಯೇ ಹೊರಟಳು.

ಬಸ್ಸು ಮುಖ್ಯರಸ್ತೆಯಲ್ಲಿ ಬಸುರಿ ಹೆಂಗಸಿನ ಹಾಗೆ ನಿಂತು ನಿಂತು ಹೋಗುತ್ತಿತ್ತು. ಎರಡು ನಿಲ್ದಾಣ ತಾಳಿಕೊಂಡವಳು ಇಳಿದು ನಡೆದೇ ಬಿಟ್ಟಳು. ನಡೆಯುತ್ತ ಗಂಡನಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದಳು. ತಾನು ಕೆಲಸ ಮಾಡುವ ಲಾರಿ ಶೆಡ್ಡಿನಲ್ಲಿ ಸುತ್ತಿಗೆ ಸದ್ದಿನ ನಡುವೆ ಅವನು ಎಲ್ಲವನ್ನೂ ಕೇಳಿಸಿಕೊಂಡು, "ಈಗ ಎಲ್ಲಿಗೆ ಹೋಗ್ತಿದ್ದೀಯ?" ಅಂದ.

"ಅಕ್ಕನ ಮನೆಗೆ."

"ಹೋಗಿ ಏನು ಹೇಳ್ತೀಯ?"

"ಗೊತ್ತಿಲ್ಲ."

"ಮೊದಲು ಕಾಲು ನೋಡು," ಅಂದ ಅವನು. "ಮಾತು ಆಮೇಲೆ."

ಅವಳು ಕೇರಿ ಮುಟ್ಟುವಾಗ ಇನ್ನೂ ಬಿಸಿಲಿತ್ತು. ಮನೆಯ ಬಾಗಿಲಲ್ಲೇ ಆ ವಾಸನೆ ಸಿಕ್ಕಿತು. ಬಣ್ಣದ ವಾಸನೆಯ ಕೆಳಗೆ ಇನ್ನೊಂದು, ಸಿಹಿಯಾಗಿ ಕೊಳೆತದ್ದು. ಅಕ್ಕ ನೆಲದ ಮೇಲೆ ಕೂತು ಭಾವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬಟ್ಟೆ ಬಿಚ್ಚುತ್ತಿದ್ದಳು. ಮಂಚದ ಮೇಲೆ ಅಮ್ಮ.

"ಏನೇ ಇದು, ಹೇಳದೆ ಕೇಳದೆ?" ಅಂದಳು ಅಕ್ಕ.

ಗಿಣಿ ಕಾಲು ನೋಡಿದಳು. ವರ್ಷಗಟ್ಟಲೆ ತೊಟ್ಟಿಯಿಂದ ಚೆಲ್ಲಿದ ನೀರು ಬೂಟಿನೊಳಗೆ ಇಳಿದು ಭಾವನ ಪಾದ ಯಾವಾಗಲೂ ನೀಲಿಯೇ. ಆ ನೀಲಿಯಲ್ಲಿ ಎರಡು ಬೆರಳು ಕಪ್ಪಾದದ್ದು ಯಾರಿಗೂ ಬೇಗ ತಿಳಿದಿರಲಿಲ್ಲ.

"ಇವತ್ತೂ ಮಾಡಿದ್ದೆ ಕಣೇ," ಅಂದಳು ಅಕ್ಕ. "ನಿಮ್ಮ ಸೋಮವಾರಮ್ಮ ಸಿಕ್ಕಿದ್ಲು. ತುಂಬಿದೆಯಂತೆ. ಹೊರಗೆ ಕೂತಿರ್ತೀವಿ ಅಂದೆ, ಅದಕ್ಕೂ ಕರಗಲಿಲ್ಲ ಕಲ್ಲು. ನಿನ್ನ ಹೆಸರು ನಾಲಿಗೆ ತುದಿವರೆಗೆ ಬಂತು. ನುಂಗಿಕೊಂಡೆ."

"ಅಕ್ಕ, ಅದು ನಾನೇ."

"ಏನು ನೀನೇ?"

"ಫೋನಿನಲ್ಲಿ ಇದ್ದಿದ್ದು. ಇವತ್ತು ಅಂತಲ್ಲ, ಎಲ್ಲಾ ದಿನಾನೂ. ಫೈಲಿನ ಕೆಲಸ ಅಂತ ಹೇಳಿದ್ದು ಸುಳ್ಳು. ನಾನೇ ಅವಳು."

ಭಾವ ಏನೋ ತಮಾಷೆ ಮಾಡಲು ಹೊರಟವನು ಬಾಯಿ ಮುಚ್ಚಿಕೊಂಡ. ಅಕ್ಕನ ಕೈ ನಿಲ್ಲಲಿಲ್ಲ. ಹಳೆಯ ಬಟ್ಟೆ ಬಿಚ್ಚಿ ಪಕ್ಕಕ್ಕಿಟ್ಟಳು, ಬಿಸಿನೀರಿನಲ್ಲಿ ಹೊಸ ಬಟ್ಟೆ ಅದ್ದಿ ಹಿಂಡಿದಳು, ಬೆರಳ ಸಂದಿನಲ್ಲಿ ಮೆಲ್ಲಗೆ ಒರೆಸಿದಳು. ಅದೆಲ್ಲ ಆಗುವವರೆಗೆ ಗಿಣಿ ಬಾಗಿಲಲ್ಲೇ ನಿಂತಿದ್ದಳು. ಕೂರು ಅಂತ ಯಾರೂ ಅನ್ನಲಿಲ್ಲ, ತಾನಾಗಿ ಕೂರುವ ಧೈರ್ಯ ಅವಳಿಗಿರಲಿಲ್ಲ. ಆಗ ಮಂಚದಿಂದ ಅಮ್ಮ ಕೇಳಿದಳು.

"ಬೇಸಿಗೆಯಲ್ಲಿ ನನಗೆ ತಲೆ ಸುತ್ತು ಬಂತಲ್ಲ, ಆಗ ಇಸ್ತ್ರಿ ಅಂಗಡಿಯಿಂದ ನಾನೂ ಒಂದು ಸಲ ಮಾಡಿದ್ದೆ. ಅವತ್ತೂ ನೀನೇನಾ?"

ಗಿಣಿ ನೆನಪು ಮಾಡಿಕೊಳ್ಳಲು ನೋಡಿದಳು. ಬೇಸಿಗೆಯಲ್ಲಿ ಎಷ್ಟೋ ಮುದುಕಿಯರು ತಲೆಸುತ್ತು ಅಂತ ಮಾಡಿದ್ದರು. ಅವರಲ್ಲಿ ಒಬ್ಬಳು ತನ್ನ ಅಮ್ಮ. ಹೆತ್ತ ತಾಯಿಯ ದನಿ ಕಿವಿಯೊಳಗೆ ಬಂದು, ಹಿಂದಿನ ಕೇರಿ ಅಂತ ಹೇಳಿ, ಹೊರಗೆ ಹೋಗಿತ್ತು; ಇವಳಿಗೆ ಗೊತ್ತೇ ಆಗಿರಲಿಲ್ಲ.

"ನಾನೇ ಇದ್ದಿರಬೇಕು ಅಮ್ಮ. ಬೇರೆ ಯಾರೂ ಇಲ್ಲ ಅಲ್ಲಿ."

"ನನಗೂ ಗೊತ್ತಾಗಲಿಲ್ಲ," ಅಂದಳು ಅಮ್ಮ. "ಯಾವ ಮಗುವೋ ಏನೋ, ಮಾತು ಎಷ್ಟು ಚೆನ್ನಾಗಿ ಆಡ್ತಾಳೆ ಅಂದುಕೊಂಡೆ."

ಅಕ್ಕ ಕಾಲಿಗೆ ಗಂಟು ಹಾಕಿ ಮುಗಿಸಿ ತಲೆಯೆತ್ತಿದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. "ಅಳೋದು ಬೈಯೋದು ಇಟ್ಟುಕೊಳ್ಳೋಣ, ಎಲ್ಲಿಗೂ ಓಡಿಹೋಗಲ್ಲ ಅದು," ಅಂದಳು. "ಈಗ ಹೇಳು ಸೋಮವಾರಮ್ಮ. ಇವರನ್ನ ಯಾವಾಗ ಕರ್ಕೊಂಡು ಬರಲಿ?"

"ನಾಳೆ. ಬಾಗಿಲು ತೆಗೆದ ಕೂಡಲೇ."

ಮಾರನೆಯ ಬೆಳಿಗ್ಗೆ ಅಕ್ಕ, ಭಾವ ಆಟೋದಲ್ಲಿ ಬಂದಿಳಿದರು. ಭಾವ ಒಗೆದ ಶರಟು ಹಾಕಿಕೊಂಡು, ಒಂದು ಹಳೆಯ ದುಪ್ಪಟಿ ಹೆಗಲ ಮೇಲೆ ಹಾಕಿಕೊಂಡಿದ್ದ. ಒಳಗೆ ಬಂದವನು ಅದನ್ನು ಸೋಫಾದ ಮೇಲೆ ಹಾಸಿ ಅದರ ಮೇಲೆ ಕೂತ. ಅದನ್ನು ನೋಡಿ ಗಿಣಿ ಮುಖ ತಿರುಗಿಸಿಕೊಂಡಳು. ಅಲ್ಲಿದ್ದ ಇಬ್ಬರು ಹೆಂಗಸರು ಮೂಗಿಗೆ ಸೆರಗು ಹಿಡಿದು ಕಿಟಕಿಯ ಪಕ್ಕಕ್ಕೆ ಸರಿದರು. ಮ್ಯಾನೇಜರಮ್ಮ ಒಳಗಿನಿಂದ ಬಂದರು.

"ಇವರಿಗೆ ಅಪಾಯಿಂಟ್‌ಮೆಂಟ್ ಇದ್ಯಾ?"

"ಇದೆ ಮೇಡಂ. ನಾನೇ ಕೊಟ್ಟೆ."

"ಎಲ್ಲಿಯವರು?"

"ಹಿಂದಿನ ಕೇರಿ. ನನ್ನ ಅಕ್ಕ, ಭಾವ. ನಾನೂ ಅಲ್ಲಿಯೋಳೇ."

ಮ್ಯಾನೇಜರಮ್ಮನ ಮುಖ ಬಣ್ಣ ಬದಲಾಯಿಸಿತು. ಆದರೆ ದನಿ ಏರಲಿಲ್ಲ. ಅವರ ದನಿ ಏರಿದ್ದನ್ನು ಯಾರೂ ಕೇಳಿದವರಿಲ್ಲ. "ಮೊದಲೇ ಹೇಳಬಹುದಿತ್ತಲ್ಲ. ನಿನ್ನವರು ಅಂದಿದ್ರೆ ನಾನು ಬೇಡ ಅಂತಿದ್ನಾ? ಹಿಂದಿನ ಬಾಗಿಲಿಂದ ಕರ್ಕೊಂಡು ಬರಬಹುದಿತ್ತು."

ನಿಜ, ಅವರು ಬೇಡ ಅನ್ನುತ್ತಿರಲಿಲ್ಲ. ಭಾವನನ್ನು ಒಳಗೆ ಬಿಟ್ಟು, ಉಳಿದ ಇಡೀ ಕೇರಿಗೆ ಬಾಗಿಲು ಹಾಕಿಕೊಂಡು ಆರಾಮಾಗಿ ಇರಬಹುದಿತ್ತು. ನಿನ್ನೆ ಮಧ್ಯಾಹ್ನವೆಲ್ಲ ಅವಳು ಬಯಸಿದ್ದೂ ಅದನ್ನೇ.

ಡಾಕ್ಟರು ಬಟ್ಟೆ ಬಿಚ್ಚಿಸಿ ಕಾಲು ನೋಡಿದರು. ಬೆರಳಿಗೆ ಸೂಜಿ ಚುಚ್ಚಿ ರಕ್ತದ ಸಕ್ಕರೆ ನೋಡಿದರು, ವಿಪರೀತ ಏರಿತ್ತು. ದೊಡ್ಡಾಸ್ಪತ್ರೆಗೆ ತಾವೇ ಫೋನ್ ಮಾಡಿ, ಈಗಲೇ ಕಳಿಸುತ್ತಿದ್ದೇನೆ, ಆಪರೇಷನ್‌ಗೆ ತಯಾರು ಮಾಡಿಕೊಳ್ಳಿ ಅಂದರು. ಅವರು ಕೆಲಸದಲ್ಲಿ ಚುರುಕು, ಕೈ ಮೆದು. ಆಮೇಲೆ ಅಕ್ಕನ ಕಡೆ ನೋಡಿ, ಎಲ್ಲ ಡಾಕ್ಟರೂ ಕೇಳುವುದನ್ನೇ ಕೇಳಿದರು. "ಇಷ್ಟು ಬೆಳೆಯೋವರೆಗೆ ಮನೆಯಲ್ಲಿ ಯಾಕಮ್ಮ ಇಟ್ಟುಕೊಂಡ್ರಿ? ಮೊದಲೇ ಬರೋದಲ್ವಾ?"

"ಬರೋಕೆ ಬಿಡಬೇಕಲ್ಲ ಸ್ವಾಮಿ," ಅಂದಳು ಅಕ್ಕ. ಅಷ್ಟೇ ಅಂದಳು. ತಂಗಿಯ ಕಡೆ ನೋಡಲಿಲ್ಲ.

"ನಾನು ಬಿಡಲಿಲ್ಲ ಡಾಕ್ಟ್ರೇ," ಅಂದಳು ಬಾಗಿಲಲ್ಲಿದ್ದ ಗಿಣಿ. "ಹಿಂದಿನ ಕೇರಿಯೋರು ಯಾರು ಮಾಡಿದ್ರೂ ತುಂಬಿದೆ ಅಂತ ಹೇಳ್ತೀನಿ. ಹಾಗೆ ಹೇಳಬೇಕು ಅಂತ ನನಗೆ ಕಲಿಸಿದ್ದಾರೆ. ತುಂಬಿರಲ್ಲ. ನಿನ್ನೆ ಮಧ್ಯಾಹ್ನ ನೀವು ಬಹಳ ಹೊತ್ತು ಪೇಪರ್ ಓದ್ತಾ ಕೂತಿದ್ರಿ."

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ನಾನು ಅವರಿಗೆಲ್ಲ ಕಾರ್ಖಾನೆಯ ಡಾಕ್ಟರೇ ಇದ್ದಾರೆ ಅಂದುಕೊಂಡಿದ್ದೆ," ಅಂದರು. "ಆ ಕಡೆಯಿಂದ ಯಾರೂ ಬರಲ್ಲವಲ್ಲ ಅಂತ ಒಂದೆರಡು ಸಲ ಅನ್ನಿಸಿತ್ತು."

"ಕೇಳಲಿಲ್ಲವಾ ಸ್ವಾಮಿ?" ಅಂದ ಭಾವ ಮೇಜಿನ ಮೇಲೆ ಮಲಗಿದ್ದಲ್ಲಿಂದಲೇ, ವ್ಯಂಗ್ಯವಿಲ್ಲದೆ, ನಿಜಕ್ಕೂ ತಿಳಿಯಬೇಕು ಅನ್ನುವ ಹಾಗೆ.

ಡಾಕ್ಟರು ಕನ್ನಡಕ ಹಾಕಿಕೊಂಡು ದೊಡ್ಡಾಸ್ಪತ್ರೆಗೆ ಚೀಟಿ ಬರೆಯತೊಡಗಿದರು. ಆಂಬುಲೆನ್ಸ್ ಬಂತು, ಭಾವನನ್ನು ಹತ್ತಿಸಿದರು, ಅಕ್ಕ ಪಕ್ಕದಲ್ಲಿ ಕೂತಳು. ಗಿಣಿ ಹತ್ತಲು ಕಾಲಿಟ್ಟಾಗ, "ನೀನು ಇಲ್ಲೇ ಇರು," ಅಂದಳು ಅಕ್ಕ. "ನಿನ್ನ ಫೋನ್ ಹೊಡ್ಕೊಳ್ತಿದೆ, ಎತ್ತು ಹೋಗು."

ಒಳಗೆ ಫೋನ್ ಹೊಡೆದುಕೊಳ್ಳುತ್ತಿತ್ತು. ಗಿಣಿ ಹೋಗಿ ಎತ್ತಿದಳು. "ನಮಸ್ಕಾರ, ಕ್ಲಿನಿಕ್. ಏನು ತೊಂದರೆ ಹೇಳಿ," ಅಂದಳು. ಎಲ್ಲಿಂದ ಅಂತ ಕೇಳಲಿಲ್ಲ. ಕೆಮ್ಮು ಅಂದವರಿಗೆ ಮೊದಲು ಖಾಲಿ ಇದ್ದ ಹೊತ್ತು ಕೊಟ್ಟಳು, ಮಗುವಿಗೆ ಭೇದಿ ಅಂದವರಿಗೆ ಅದರ ನಂತರದ್ದು. ಪಾರ್ಕಿನ ಕಡೆಯ ಒಬ್ಬರು ನಾನು ಯಾರು ಗೊತ್ತಾ ಅಂದರೆ, "ಗೊತ್ತು ಸರ್, ನಿಮಗೂ ಇದೆ, ಸಂಜೆ ಬನ್ನಿ," ಅಂದಳು. ನಡುವೆ ಇಸ್ತ್ರಿ ಅಂಗಡಿಯ ಹೆಂಗಸಿಗೆ ತಾನೇ ಫೋನ್ ಮಾಡಿ, ಕೇರಿಯಲ್ಲಿ ಯಾರಿಗೆ ಏನು ಕಾಯಿಲೆ ಇದ್ದರೂ ಈಗಲೇ ಫೋನ್ ಮಾಡಲು ಹೇಳಿ ಅಂದಳು. "ನೀವ್ಯಾರು?" ಅಂದಳು ಅವಳು. "ಸೋಮವಾರಮ್ಮ," ಅಂದಳು ಗಿಣಿ. ಆ ಹೆಂಗಸು ಈ ಸಲ ನಗಲಿಲ್ಲ. ಆಮೇಲೆ ಫೋನಿನ ಮೇಲೆ ಫೋನ್ ಬರತೊಡಗಿತು.

ಮಧ್ಯಾಹ್ನದ ಹೊತ್ತಿಗೆ ಸೋಫಾಗಳೆಲ್ಲ ತುಂಬಿ, ಬಾಗಿಲ ಹೊರಗೂ ಜನ. ಮಕ್ಕಳು ಅಳುತ್ತಿದ್ದವು. ಒಬ್ಬ ಮುದುಕ ಸೋಫಾದ ಮೇಲೆ ಕೂರಲು ಹೆದರಿ ಗೋಡೆ ಹಿಡಿದು ನಿಂತಿದ್ದ. ಗಿಣಿ ಎದ್ದು ಹೋಗಿ ಕೈ ಹಿಡಿದು ಕೂರಿಸಿದಳು. ಮ್ಯಾನೇಜರಮ್ಮ ಅವಳ ಪಕ್ಕಕ್ಕೆ ಬಂದು, ಬಗ್ಗಿ, ಫೋನಿನ ವೈರನ್ನು ಗೋಡೆಯಿಂದ ಕಿತ್ತರು.

"ನಿನಗೆ ತುಂಬ ಸುಸ್ತಾಗಿದೆ," ಅಂದರು. "ನಾಳೆಯಿಂದ ಬರೋದು ಬೇಡ."

"ಇವತ್ತು ಕೊಟ್ಟವರಿಗೆ?"

ಅವರು ಹೊರಗೆ ನಿಂತ ಜನರನ್ನು ನೋಡಿದರು. "ಬಂದವರನ್ನ ಆಚೆ ಹಾಕೋಕಾಗುತ್ತಾ? ನೋಡ್ತಾರೆ," ಅಂದರು. ಗಿಣಿ ಚೀಲ ತೆಗೆದುಕೊಂಡು ಹೊರಟಳು. ಡಾಕ್ಟರ ಕೋಣೆಯ ಬಾಗಿಲು ತೆರೆದಿತ್ತು. ಅವರು ಒಂದು ಮಗುವಿನ ಎದೆಗೆ ಸ್ಟೆತಾಸ್ಕೋಪು ಹಿಡಿದಿದ್ದವರು ತಲೆಯೆತ್ತಲಿಲ್ಲ.

ಭಾವನಿಗೆ ಆ ಪಾದದ ಮುಂಭಾಗ ಹೋಯಿತು, ಕಾಲು ಉಳಿಯಿತು. "ಅರ್ಧ ಚಪ್ಪಲಿಗೆ ಅರ್ಧ ದುಡ್ಡು ಕೊಟ್ರೆ ಸಾಕಲ್ವಾ?" ಅಂತ ಅವನು ಆಸ್ಪತ್ರೆಯಲ್ಲೇ ತಮಾಷೆ ಶುರುಮಾಡಿದ. ಎರಡು ವಾರ ಮೊದಲು ಬಂದಿದ್ದರೆ ಬೆರಳೂ ಹೋಗುತ್ತಿರಲಿಲ್ಲವಂತೆ. ಅಲ್ಲಿನ ನರ್ಸಮ್ಮ ಅದನ್ನು ಹೇಳುವಾಗ ಅಕ್ಕ, ಗಿಣಿ ಮಂಚದ ಆ ಕಡೆ ಈ ಕಡೆ ನಿಂತಿದ್ದರು. ಅವತ್ತು ಬಸ್ಸಿಗೆ ಕಾಯುವಾಗ ಅಕ್ಕ ಬೈದಳು. ಇಟ್ಟುಕೊಂಡಿದ್ದನ್ನೆಲ್ಲ ಬೈದಳು, ನಾಲ್ಕು ಬಸ್ಸು ಬಿಟ್ಟು ಬೈದಳು. ನಿಲ್ದಾಣದ ಜನ ತಿರುಗಿ ತಿರುಗಿ ನೋಡಿದರು. ಗಿಣಿಗೆ ಅಷ್ಟು ದಿನದಲ್ಲಿ ಅವತ್ತೇ ಸ್ವಲ್ಪ ಉಸಿರು ಸರಾಗವಾದದ್ದು. ಅದು ಅಕ್ಕನ ನಿಜವಾದ ದನಿ.

ಕೇರಿಯ ಹೆಂಗಸರು ಆರೋಗ್ಯ ಇಲಾಖೆಗೆ ದೂರು ಕೊಡಲು ಹೊರಟಾಗ ಗಿಣಿಯನ್ನೂ ಕರೆದರು. ಅಧಿಕಾರಿ, "ಹಾಗೆ ಮಾಡಿ ಅಂತ ಎಲ್ಲಾದ್ರೂ ಬರೆದಿದ್ಯಾ?" ಅಂದರು. "ಬರೆದಿಲ್ಲ. ನನ್ನ ಬಾಯಲ್ಲಿದೆ," ಅಂದಳು ಗಿಣಿ. ಏನೇನು ಹೇಳಲು ಕಲಿಸಿದ್ದರೋ ಅದನ್ನೆಲ್ಲ ಹಾಗೆಯೇ, ಅದೇ ದನಿಯಲ್ಲಿ ಹೇಳಿ ತೋರಿಸಿದಳು. ಪಕ್ಕದಲ್ಲಿ ಕೂತಿದ್ದ ಇಸ್ತ್ರಿ ಅಂಗಡಿಯ ಹೆಂಗಸು ತಲೆ ತಗ್ಗಿಸಿದಳು. ಇಲಾಖೆಯಿಂದ ಆದೇಶ ಬಂತು: ಫೋನ್ ಮಾಡಿದ ಸರದಿಯಲ್ಲೇ ಕೊಡಬೇಕು, ವಿಳಾಸ ಕೇಳಬಾರದು. ಈಗ ಆ ಕುರ್ಚಿಯಲ್ಲಿ ಹೊಸ ಹುಡುಗಿ. ಅವಳು ಎಲ್ಲಿಂದ ಅಂತ ಕೇಳುವುದಿಲ್ಲ, ಎಲ್ಲಿ ಕೆಲಸ ಮಾಡ್ತೀರಿ ಅಂತ ಕೇಳುತ್ತಾಳಂತೆ. ಅದಕ್ಕೂ ಹೆಂಗಸರು ಮತ್ತೆ ಇಲಾಖೆಗೆ ಹೋಗಿ ಬಂದಿದ್ದಾರೆ. ಕೆಲವರಿಗೆ ಸಿಗುತ್ತದೆ, ಕೆಲವರಿಗೆ ಇನ್ನೂ ಇಲ್ಲ.

ಗಿಣಿ ಒಂದು ಬೇಕರಿಯಲ್ಲಿ ಬ್ರೆಡ್ಡು ಕಟ್ಟುವ ಕೆಲಸಕ್ಕೆ ಸೇರಿದಳು. ಅಲ್ಲಿ ಮಾತಿನ ಅಗತ್ಯವಿಲ್ಲ. ಆದರೂ ಎಲ್ಲಾದರೂ ಫೋನ್ ಹೊಡೆದುಕೊಂಡರೆ ಅವಳ ಕೈ ತಾನಾಗಿಯೇ ಮುಂದೆ ಹೋಗುತ್ತದೆ. ಕೇರಿಗೆ ಹೋದರೆ ಕೆಲವರು ಮಾತಾಡಿಸುತ್ತಾರೆ, ಕೆಲವರು ಕಂಡೂ ಕಾಣದ ಹಾಗೆ ಹೋಗುತ್ತಾರೆ.

ಒಂದು ಸಂಜೆ ಅವಳು ಅಕ್ಕನ ಮನೆಯ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಾಗ ಮೂಲೆಮನೆಯ ಹೆಂಗಸು ಬಂದು ಎದುರಿಗೆ ನಿಂತಳು. ಅವಳ ಗಂಡ ಚಳಿಗಾಲದಲ್ಲಿ ಎದೆನೋವಿನಿಂದ ತೀರಿಕೊಂಡಿದ್ದ. ಇಷ್ಟು ದಿನ ಅವಳು ಗಿಣಿಯನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದಳು.

"ನಾನು ಫೋನ್ ಮಾಡಿದ್ದೆ," ಅಂದಳು. "ಅವರು ಹೋಗೋಕೆ ಮುಂಚೆ. ನಿನಗೆ ನೆನಪಿದ್ಯಾ?"

ಇದೆ ಅನ್ನಬಹುದಿತ್ತು. ನೆನಪಿದೆ, ಕ್ಷಮಿಸಿ ಅಂದಿದ್ದರೆ ಆ ಹೆಂಗಸಿಗೆ ಒಂದಿಷ್ಟು ಸಮಾಧಾನವಾಗುತ್ತಿತ್ತೋ ಏನೋ. ಗಿಣಿ ಸೊಪ್ಪನ್ನು ಪಕ್ಕಕ್ಕೆ ಸರಿಸಿದಳು.

"ಇಲ್ಲ ಅಕ್ಕ. ನೆನಪಿಲ್ಲ. ಎಷ್ಟೋ ಜನ ಮಾಡ್ತಿದ್ರು, ನಾನು ಯಾರದ್ದೂ ಕೇಳಿಸಿಕೊಳ್ತಿರಲಿಲ್ಲ."

ಹೆಂಗಸು ತಿರುಗಿ ಹೋಗುತ್ತಾಳೆ ಅಂದುಕೊಂಡಳು. ಅವಳು ಹೋಗಲಿಲ್ಲ. ಸೀರೆ ಸರಿಮಾಡಿಕೊಂಡು ಕೆಳಗಿನ ಮೆಟ್ಟಿಲ ಮೇಲೆ ಕೂತಳು.

"ಹಾಗಾದ್ರೆ ಹೇಳ್ತೀನಿ ಕೇಳು," ಅಂದಳು. "ಅವತ್ತು ಬೆಳಿಗ್ಗೆ ಎದ್ದವರೇ ಎಡಗೈ ಹಿಡ್ಕೊಂಡು ಕೂತುಬಿಟ್ರು. ತಿಂಡಿ ಬೇಡ ಅಂದ್ರು. ನಾನು ಫೋನ್ ಮಾಡಿದೆ…"

ಗಿಣಿ ಮೆಟ್ಟಿಲು ಇಳಿದು ಅವಳ ಪಕ್ಕದಲ್ಲೇ ಕೂತಳು, ಒಂದು ಮಾತೂ ನಡುವೆ ಆಡದೆ ಕೇಳಿದಳು.